ಪಾಟ್ನಾದಿಂದ ಕೊಲ್ಕತ್ತಾಗೆ: ಕಂಪನಿ ಚಿತ್ರಗಳನ್ನು ನೋಡಲು ಹೊರಡುವವರಿಗೆ

ಮೊದಲು ವಾರ ನೋಡಿಕೊಳ್ಳಿ. ಪಾಟ್ನಾ ಮ್ಯೂಸಿಯಂ, ಬಿಹಾರ ಮ್ಯೂಸಿಯಂ, ಕೊಲ್ಕತ್ತಾದ ವಿಕ್ಟೋರಿಯಾ ಮೆಮೋರಿಯಲ್, ಎಲ್ಲಕ್ಕೂ ಸೋಮವಾರ ರಜೆ. ಹಳೇ ಹಸ್ತಪ್ರತಿಗಳಿರುವ ಪಾಟ್ನಾದ ಖುದಾ ಬಕ್ಷ್ ಗ್ರಂಥಾಲಯಕ್ಕೆ ಶುಕ್ರವಾರ ರಜೆ. ನಾನೂ ನನ್ನ ತಂಗಿಯೂ ಭಾನುವಾರ ರಾತ್ರಿ ಪಾಟ್ನಾ ತಲುಪಿದ್ದೆವು. ಬೆಳಿಗ್ಗೆ ಎದ್ದರೆ ಎಲ್ಲಾ ಕಡೆ ಬೀಗ. ನಿಮಗೂ ಸೋಮವಾರವೇ ಸಿಕ್ಕಿದರೆ ಬೇಜಾರು ಬೇಡ, ಆ ದಿನವನ್ನು ಹಳೇ ಪಾಟ್ನಾ ಸುತ್ತಲು ಇಟ್ಟುಕೊಳ್ಳಿ. ನಾವು ಹಾಗೇ ಮಾಡಿದೆವು.

ಕಂಪನಿ ಚಿತ್ರ ಅಂದರೆ ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ನಮ್ಮ ಚಿತ್ರಗಾರರು ಇಂಗ್ಲಿಷರಿಗಾಗಿ ಬರೆದ ಚಿತ್ರಗಳು. ಮೀನು ಮಾರುವವಳು, ಬಳೆಗಾರ, ಕಮ್ಮಾರ, ಪಲ್ಲಕ್ಕಿ ಹೊರುವವರು, ಹಕ್ಕಿ, ಗಿಡ, ಮನೆ, ಮೆರವಣಿಗೆ. ನಮ್ಮ ಸೂಕ್ಷ್ಮ ಕುಂಚದ ಕೆಲಸ, ಅವರ ನೆರಳು-ಬೆಳಕಿನ ಪದ್ಧತಿ, ಎರಡೂ ಸೇರಿದ್ದು. ತಂಜಾವೂರು, ಲಕ್ನೋ, ದೆಹಲಿಯಲ್ಲೂ ಇಂಥ ಕೆಲಸ ನಡೆದಿದೆ. ನಾವು ಪಾಟ್ನಾ-ಕೊಲ್ಕತ್ತಾ ದಾರಿ ಹಿಡಿದದ್ದಕ್ಕೆ ಕಾರಣ ಇದೆ. 18ನೇ ಶತಮಾನದ ನಡುವೆ ಮುರ್ಷಿದಾಬಾದಿನಲ್ಲಿ ನವಾಬರ ಆಸರೆ ತಪ್ಪಿದಾಗ ಅಲ್ಲಿನ ಚಿತ್ರಗಾರರ ಕುಟುಂಬಗಳು ಕೆಲಸ ಹುಡುಕುತ್ತಾ ಪಾಟ್ನಾಗೆ ಬಂದವು. ಪಾಟ್ನಾದಿಂದ ಕೆಲವರು ಕಲ್ಕತ್ತೆಗೆ ಹೋದರು. ಅವರು ಹೋದ ದಾರಿಯಲ್ಲೇ ಹೋಗೋಣ ಅಂತ ಹೊರಟೆವು.

ಹೋಗುವ ಕಾಲ ನವೆಂಬರ್ ಕೊನೆ ಅಥವಾ ಫೆಬ್ರವರಿ. ದೀಪಾವಳಿ ಆದ ಆರನೇ ದಿನ ಅಲ್ಲಿ ಛಠ್ ಹಬ್ಬ. ಆ ಎರಡು ವಾರ ಬಿಹಾರದ ಕಡೆ ಹೋಗುವ ರೈಲಿನಲ್ಲಿ ಟಿಕೆಟ್ ಸಿಗುವುದು ಬಹಳ ಕಷ್ಟ. ಡಿಸೆಂಬರ್ ಕೊನೆಯಿಂದ ಜನವರಿವರೆಗೆ ಮಂಜು ಕವಿದು ರೈಲು, ವಿಮಾನ ಎರಡೂ ತಡ. ಬೆಂಗಳೂರಿನಿಂದ ಸಂಘಮಿತ್ರ ಎಕ್ಸ್‌ಪ್ರೆಸ್ ಪಾಟ್ನಾ ಪಕ್ಕದ ದಾನಾಪುರದವರೆಗೆ ಹೋಗುತ್ತದೆ. ಎರಡು ರಾತ್ರಿ ಪ್ರಯಾಣ. ವಯಸ್ಸಾದವರು ಜೊತೆಗಿದ್ದರೆ ವಿಮಾನವೇ ಒಳ್ಳೆಯದು.

ಹಳೇ ಊರನ್ನು ಪಾಟ್ನಾ ಸಿಟಿ ಎನ್ನುತ್ತಾರೆ. ಸಿಖ್ಖರ ಗುರುದ್ವಾರ ತಖ್ತ್ ಪಾಟ್ನಾ ಸಾಹಿಬ್ ಇರುವುದು ಅಲ್ಲೇ. ಚಿತ್ರಗಾರರು ಇದ್ದ ಲೋದಿ ಕಟ್ರಾ ಕೂಡ ಆ ಕಡೆಯೇ. ಅಲ್ಲಿ ಹೋದರೆ ಚಿತ್ರ ನೋಡಲು ಏನೂ ಸಿಗುವುದಿಲ್ಲ. ಕಿರಿದಾದ ಗಲ್ಲಿಗಳು, ತಲೆ ಮೇಲೆ ವೈರುಗಳ ಗೋಜಲು, ಅಂಗಡಿ ಸಾಲು ಅಷ್ಟೇ. ಆದರೂ ಹೋಗಿ. ಮಾರನೇ ದಿನ ಮ್ಯೂಸಿಯಂನಲ್ಲಿ ನೋಡುವ ಮುಖಗಳು ಈ ಗಲ್ಲಿಗಳಲ್ಲೇ ಎದುರಾಗುತ್ತವೆ. ತಲೆ ಮೇಲೆ ಬುಟ್ಟಿ, ಸೊಂಟದ ಮೇಲೆ ಒಂದು ಕೈ ಇಟ್ಟು ನಿಂತ ಹೆಂಗಸೊಬ್ಬಳನ್ನು ಕಂಡು ತಂಗಿ ನನ್ನ ತೋಳು ಹಿಡಿದು ನಿಲ್ಲಿಸಿಬಿಟ್ಟಳು. ಕಾರು ಅಲ್ಲಿ ನುಗ್ಗುವುದಿಲ್ಲ, ಇ-ರಿಕ್ಷಾ ಹಿಡಿಯಿರಿ. ಬೆಳಿಗ್ಗೆ ಬೇಗ ಹೋದರೆ ಜನ ಕಡಿಮೆ.

ಅಲ್ಲಿಂದ ಗುಲ್ಜಾರ್‌ಬಾಗ್ ಹತ್ತಿರ. ಕಂಪನಿಯ ಅಫೀಮು ಕಾರ್ಖಾನೆ ಇದ್ದ ಜಾಗ ಅದು. ಶಿವ ಲಾಲ್ ಎಂಬ ಪಾಟ್ನಾದ ಚಿತ್ರಗಾರ ಈ ಕಾರ್ಖಾನೆಯಲ್ಲಿ ಅಫೀಮು ತಯಾರಾಗುವ ಒಂದೊಂದು ಹಂತವನ್ನೂ 1857ರ ಸುಮಾರಿಗೆ ಚಿತ್ರವಾಗಿ ಬರೆದ. ಬರೆಸಿದವನು ಅಫೀಮು ಅಧಿಕಾರಿ ಡಾ. ಲಯಲ್. ಅವು ಮುಂದೆ ಗೋಡೆ ಚಿತ್ರ ಆಗಬೇಕಿತ್ತು. ಅದೇ ವರ್ಷದ ದಂಗೆಯಲ್ಲಿ ಲಯಲ್ ಸತ್ತ, ಗೋಡೆ ಖಾಲಿ ಉಳಿಯಿತು. ಚಿತ್ರಗಳು ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿವೆ. ಕಾರ್ಖಾನೆಯ ಜಾಗವನ್ನು ಹೊರಗಿನಿಂದ ಒಂದು ಸಲ ನೋಡಿ ಬನ್ನಿ, ಅರ್ಧ ಗಂಟೆ ಸಾಕು.

ಇನ್ನು ಮ್ಯೂಸಿಯಂ. ಇಲ್ಲಿನ ಶೈಲಿಗೆ ಪಾಟ್ನಾ ಕಲಂ ಎಂದು ಹೆಸರು. ಒಳಗೆ ಹೋದ ತಕ್ಷಣ ದೊಡ್ಡ ದೊಡ್ಡ ಶಿಲ್ಪಗಳು ಎಳೆಯುತ್ತವೆ. ಬಿಹಾರ ಮ್ಯೂಸಿಯಂನಲ್ಲಿ ದೀದಾರ್‌ಗಂಜ್ ಯಕ್ಷಿ ಇದ್ದಾಳೆ, ಅವಳ ಮುಂದೆ ನಿಂತರೆ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ. ಅದಕ್ಕೇ ಹೇಳುತ್ತಿದ್ದೇನೆ, ಚಿತ್ರಗಳನ್ನು ಮೊದಲು ನೋಡಿ. ಇವು ನೋಟ್‌ಬುಕ್ ಹಾಳೆಯಷ್ಟು ಸಣ್ಣವು. ಕಣ್ಣು ದಣಿದ ಮೇಲೆ ನೋಡಿದರೆ ಏನೂ ದಕ್ಕುವುದಿಲ್ಲ. ಯಾವ ಚಿತ್ರ ಯಾವ ಕೋಣೆಯಲ್ಲಿದೆ ಎಂಬುದು ಬದಲಾಗುತ್ತಿರುತ್ತದೆ, ಮೊದಲೇ ಫೋನ್ ಮಾಡಿ ಕೇಳಿ. ಜೊತೆಗೆ ಒಂದು ಸಣ್ಣ ಭೂತಗನ್ನಡಿ ಒಯ್ಯಿರಿ. ನಮ್ಮ ಇಡೀ ಪ್ರವಾಸದಲ್ಲಿ ಅದರಷ್ಟು ಉಪಯೋಗಕ್ಕೆ ಬಂದ ವಸ್ತು ಇನ್ನೊಂದಿಲ್ಲ.

ಒಂದು ಹಾಳೆಯ ಮುಂದೆ ನಾವು ಬಹಳ ಹೊತ್ತು ನಿಂತೆವು. ಬಳೆ ತೊಡಿಸುವ ದೃಶ್ಯ. ಹಿಂದೆ ಮನೆ ಇಲ್ಲ, ಮರ ಇಲ್ಲ, ಬರೀ ಖಾಲಿ ಕಾಗದ. ಕಾಲ ಕೆಳಗೆ ಮಾತ್ರ ತೆಳು ಕಂದು ನೆರಳು. ಗನ್ನಡಿ ಹಿಡಿದು ನೋಡಿದ ತಂಗಿ, "ಅಕ್ಕಾ, ಪೆನ್ಸಿಲ್ ಗೆರೆನೇ ಇಲ್ಲ ನೋಡು" ಅಂದಳು. ಅವಳು ಮಕ್ಕಳಿಗೆ ಡ್ರಾಯಿಂಗ್ ಕಲಿಸುತ್ತಾಳೆ, ಅವಳ ಕಣ್ಣು ಅಲ್ಲೇ ಹೋಗುತ್ತದೆ. ಇದಕ್ಕೆ ಕಜ್ಲಿ ಸಿಯಾಹಿ ಎನ್ನುತ್ತಾರೆ. ಮೊದಲು ಗೆರೆ ಹಾಕಿಕೊಳ್ಳದೆ ನೇರ ಕುಂಚದಿಂದಲೇ ಬರೆಯುವ ಪದ್ಧತಿ. ತಪ್ಪಿದರೆ ಅಳಿಸುವಂತಿಲ್ಲ. ಅಳಿಲಿನ ಬಾಲದ ಕೂದಲಿನಿಂದ ಕುಂಚವನ್ನೂ ಅವರೇ ಕಟ್ಟಿಕೊಳ್ಳುತ್ತಿದ್ದರು. ಆ ಹೆಂಗಸಿನ ಹುಬ್ಬು ಒಂದೇ ಎಳೆತದಲ್ಲಿ ಬಂದಿತ್ತು. ತುದಿಯಲ್ಲಿ ಬಣ್ಣ ತೆಳುವಾಗಿ ಮಾಯವಾಗುವುದೂ ಕಾಣುತ್ತಿತ್ತು.

ಇಂಥ ಚಿತ್ರಗಳನ್ನು ಕಟ್ಟು ಕಟ್ಟಾಗಿ ಮಾರುತ್ತಿದ್ದರು. ಊರಿಗೆ ವಾಪಸಾಗುವ ಇಂಗ್ಲಿಷರು ಕೊಂಡು ಒಯ್ಯುತ್ತಿದ್ದರು, ನಾವು ಪೋಸ್ಟ್‌ಕಾರ್ಡ್ ತರುತ್ತೇವಲ್ಲ, ಹಾಗೆ. ಅಭ್ರಕದ, ಅಂದರೆ ಕಾಗೆಬಂಗಾರದ, ಹಾಳೆ ಮೇಲೆ ಬರೆದವೂ ಇವೆ. ಕೆಳಗೆ ಒಂದು ಮುಖ, ಮೇಲೆ ಬರೀ ಉಡುಪು ಬರೆದ ಪಾರದರ್ಶಕ ಅಭ್ರಕದ ಹಾಳೆ. ಹಾಳೆ ಬದಲಿಸಿದರೆ ಅದೇ ಮುಖ ಒಮ್ಮೆ ಸಿಪಾಯಿ, ಒಮ್ಮೆ ಅಡುಗೆಯವ. ಫೋಟೋ ಬಂದ ಮೇಲೆ ಈ ವ್ಯಾಪಾರ ನಿಂತಿತು. ಈ ಪರಂಪರೆಯ ಕೊನೆಯ ಹೆಸರಾಂತ ಚಿತ್ರಗಾರ ಈಶ್ವರಿ ಪ್ರಸಾದ್, ಕಲ್ಕತ್ತೆಯ ಸರ್ಕಾರಿ ಕಲಾಶಾಲೆಯಲ್ಲಿ ಪಾಠ ಹೇಳಿದವರು, 1949ರಲ್ಲಿ ತೀರಿಕೊಂಡರು.

ಒಂದು ಎಚ್ಚರಿಕೆ. ಒಂದು ಸಂಗ್ರಹಕ್ಕೆ ನಾವು ತಿಂಗಳ ಮೊದಲೇ ಮೇಲ್ ಕಳಿಸಿದ್ದೆವು. ಉತ್ತರ ಬರಲಿಲ್ಲ. ಸುಮ್ನೆ ಹೋಗಿ ಕೇಳೋಣ ಅಂತ ಹೋದರೆ ಗೇಟಿನಲ್ಲೇ ತಡೆದರು. ಗೋಡೆ ಮೇಲೆ ಇಲ್ಲದ, ಪೆಟ್ಟಿಗೆಯಲ್ಲಿಟ್ಟ ಚಿತ್ರ ನೋಡಬೇಕು ಎಂದಿದ್ದರೆ ಕೈಯಲ್ಲಿ ಒಪ್ಪಿಗೆ ಪತ್ರ ಇಲ್ಲದೆ ಟಿಕೆಟ್ ಬುಕ್ ಮಾಡಬೇಡಿ. ಕಾಲೇಜಿನವರಾದರೆ ಕಾಲೇಜಿನ ಪತ್ರ ಜೊತೆಗಿರಲಿ.

ಪಾಟ್ನಾದಿಂದ ಹೌರಾಗೆ ವಂದೇ ಭಾರತ್ ಇದೆ, ಆರೂವರೆ ಗಂಟೆ ಆಸುಪಾಸು. ದಾರಿಗೆ ಠೇಕುವಾ ಎಂಬ ಬಿಹಾರದ ಸಿಹಿ ತಿಂಡಿ ಕಟ್ಟಿಸಿಕೊಳ್ಳಿ, ಕೆಡುವುದಿಲ್ಲ.

ಕೊಲ್ಕತ್ತಾದಲ್ಲಿ ನಾವು ಮೊದಲು ಹೋದದ್ದು ಪಾರ್ಕ್ ಸ್ಟ್ರೀಟಿಗೆ. ಕಂಪನಿ ಕಾಲದಲ್ಲಿ ಕಲ್ಕತ್ತೆಯಲ್ಲಿದ್ದ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಾಧೀಶ ಎಲಿಜಾ ಇಂಪೆಯ ಜಿಂಕೆವನ ಇಲ್ಲಿತ್ತು, ರಸ್ತೆಗೆ ಆ ಹೆಸರು ಬಂದದ್ದು ಅದರಿಂದ. ಅವನ ಹೆಂಡತಿ ಮೇರಿ ಇಂಪೆ ಹಕ್ಕಿ, ಪ್ರಾಣಿಗಳನ್ನು ಸಾಕಿಕೊಂಡಿದ್ದಳು. 1777ರಿಂದ 1782ರವರೆಗೆ ಪಾಟ್ನಾ ಮೂಲದ ಮೂವರು, ಶೇಖ್ ಜೈನುದ್ದೀನ್, ಭವಾನಿ ದಾಸ್, ರಾಮ್ ದಾಸ್, ಅವನ್ನು ನೋಡಿ ನೋಡಿ ಬರೆದರು. 300ಕ್ಕೂ ಹೆಚ್ಚು ಚಿತ್ರಗಳು. ಇಂಗ್ಲೆಂಡಿನಿಂದ ಬಂದ ಕಾಗದ, ಸಾಧ್ಯವಾದಷ್ಟು ನಿಜ ಅಳತೆ. ಮೂಲೆಯಲ್ಲಿ ಚಿತ್ರಗಾರನ ಹೆಸರು, ಊರು ಕೂಡ ಇದೆ. ಹೆಸರು ಉಳಿಯದೆ ಹೋದ ನೂರಾರು ಜನರ ನಡುವೆ ಈ ಮೂವರು ನಮಗೆ ಹೆಸರಿನಿಂದ ಗೊತ್ತು. ಆದರೆ ಆ ಚಿತ್ರಗಳನ್ನು ನೋಡುವ ಆಸೆಯಿಂದ ಕೊಲ್ಕತ್ತಾಗೆ ಬರಬೇಡಿ. 1810ರಲ್ಲಿ ಲಂಡನ್ನಿನಲ್ಲಿ ಹರಾಜಾಗಿ ಚದುರಿಹೋದವು. ಹೊರಡುವ ಮೊದಲು ಮನೆಯಲ್ಲೇ ಜಾಲತಾಣಗಳಲ್ಲಿ ನೋಡಿಕೊಂಡು ಬನ್ನಿ. ಆಗ ಪಾರ್ಕ್ ಸ್ಟ್ರೀಟಿನ ಗದ್ದಲದ ನಡುವೆಯೂ ಆ ಹಕ್ಕಿಗಳು ಕಣ್ಣ ಮುಂದೆ ಬರುತ್ತವೆ.

ವಿಕ್ಟೋರಿಯಾ ಮೆಮೋರಿಯಲ್‌ಗೆ ಅರ್ಧ ದಿನ ಬೇಕು. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಒಳಗೆ ಹೋಗಿ, ಮಧ್ಯಾಹ್ನದ ಮೇಲೆ ಜನ ಜಾಸ್ತಿ. ಜೋಫನಿ ಎಂಬ ಯುರೋಪಿನ ಚಿತ್ರಗಾರ ಬರೆದ, ಕಂಪನಿ ಸೇನೆಯ ಕರ್ನಲ್ ಪೋಲಿಯೇ ಮತ್ತು ಗೆಳೆಯರ ಚಿತ್ರವನ್ನು ತಪ್ಪಿಸಬೇಡಿ. ಪೋಲಿಯೇ ಇದ್ದಾನೆ, ಅದೇ ಸೇನೆಯ ಕ್ಲೋಡ್ ಮಾರ್ಟಿನ್ ಇದ್ದಾನೆ. ಕುಂಚ ಹಿಡಿದು ಜೋಫನಿ ತಾನೂ ಕುಳಿತಿದ್ದಾನೆ. ಈ ಪೋಲಿಯೇ ಬಳಿ ಮೆಹರ್ ಚಂದ್ ಎಂಬ ನಮ್ಮವನೇ ಆದ ಒಳ್ಳೆಯ ಚಿತ್ರಗಾರ ಕೆಲಸ ಮಾಡುತ್ತಿದ್ದ. ಅವನು ಮಾತ್ರ ಆ ಚಿತ್ರದಲ್ಲಿ ಇಲ್ಲ. ಅದನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಯಿತು.

ಕೊನೆಯ ದಿನವನ್ನು ಶಿಬ್‌ಪುರದ ಸಸ್ಯತೋಟಕ್ಕೆ ಇಡಿ. 1787ರಲ್ಲಿ ಶುರುವಾದ ತೋಟ. ಇದನ್ನು ನೋಡಿಕೊಳ್ಳುತ್ತಿದ್ದ ಸಸ್ಯವಿಜ್ಞಾನಿ ವಿಲಿಯಂ ರಾಕ್ಸ್‌ಬರ್ಗ್ ನಮ್ಮ ಚಿತ್ರಗಾರರಿಂದ 2,500ಕ್ಕೂ ಹೆಚ್ಚು ಗಿಡಗಳ ಚಿತ್ರ ಬರೆಸಿದ. ಒಂದು ಪ್ರತಿ ಇಲ್ಲಿನ ಹರ್ಬೇರಿಯಂನಲ್ಲಿ, ಅಂದರೆ ಒಣಗಿಸಿದ ಗಿಡಗಳನ್ನು ಕಾಪಾಡಿಡುವ ಕಡೆ, ಇನ್ನೊಂದು ಲಂಡನ್ನಿನ ಕ್ಯೂ ತೋಟದಲ್ಲಿ. ಹರ್ಬೇರಿಯಂ ಒಳಗೆ ಎಲ್ಲರನ್ನೂ ಬಿಡುವುದಿಲ್ಲ. 1800ರಲ್ಲಿ ಮೈಸೂರು ಸೀಮೆ ಸುತ್ತಿ ನಮ್ಮ ಹೊಲ, ನೇಗಿಲು, ಸಂತೆಯನ್ನೆಲ್ಲಾ ಬರೆದಿಟ್ಟ ಬುಕಾನನ್ ಕೂಡ ಮುಂದೆ ಇದೇ ತೋಟ ನೋಡಿಕೊಂಡವನು. ಅವನ ಜೊತೆ ಹಾಲುದಾರ್ ಎಂಬ ಬಂಗಾಳಿ ಚಿತ್ರಗಾರ ಪ್ರಾಣಿಗಳ ಚಿತ್ರ ಬರೆಯುತ್ತಿದ್ದ. ನಮ್ಮ ಶಿವಮೊಗ್ಗದಲ್ಲೂ 1840ರ ದಶಕದಲ್ಲಿ ಕ್ಲೆಗಾರ್ನ್ ಎಂಬ ವೈದ್ಯ ದಿನಕ್ಕೊಂದು ಗಿಡದ ಚಿತ್ರ ಬರೆಸುತ್ತಿದ್ದ. ಆ ಹಾಳೆಗಳು ಈಗ ಎಡಿನ್‌ಬರೋದಲ್ಲಿವೆ.

ತೋಟ ದೊಡ್ಡದು, ನೀರಿನ ಬಾಟಲಿ, ಟೋಪಿ ಇರಲಿ. ಇದಕ್ಕೂ ಸೋಮವಾರ ರಜೆ. ಹೌರಾ ಸ್ಟೇಷನ್‌ಗೆ ವಾಪಸ್ ಬರುವ ದಾರಿಯಲ್ಲಿ ಟ್ರಾಫಿಕ್ ಕಟ್ಟಿಕೊಳ್ಳುತ್ತದೆ, ಎರಡು ಗಂಟೆ ಕೈಯಲ್ಲಿಟ್ಟುಕೊಂಡು ಹೊರಡಿ. ನಾವು ಹೊರಡುವ ಮುಂಚೆ ಅಲ್ಲಿನ ದೊಡ್ಡ ಆಲದ ಮರದ ಹತ್ತಿರ ಕೂತಿದ್ದೆವು. ತಂಗಿ ಬಣ್ಣದ ಡಬ್ಬಿ ತೆಗೆದು, ಪೆನ್ಸಿಲ್ ಮುಟ್ಟದೆ, ಬಿದ್ದಿದ್ದ ಒಂದು ಎಲೆಯನ್ನು ನೇರ ಕುಂಚದಿಂದ ಬರೆಯಲು ಕೂತಳು. ಮೂರು ಹಾಳೆ ಕೆಟ್ಟವು. ನಾಲ್ಕನೆಯದರಲ್ಲಿ ಎಲೆಯ ನಡುನರ ಒಂದೇ ಎಳೆತದಲ್ಲಿ ಬಂತು. ಅವಳು ಅಷ್ಟಕ್ಕೇ ನಿಲ್ಲಿಸಿ, ಹಾಳೆ ಒಣಗುವವರೆಗೆ ಕೈಯಲ್ಲೇ ಹಿಡಿದುಕೊಂಡು ಕೂತಿದ್ದಳು.