ಐನೂರು ಗಜದ ಎಲ್ಕ್‌ಗೆ ಒಂದು ಬೋಲ್ಟ್ ರೈಫಲ್

ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ರೈಫಲ್ ಕೊಳ್ಳಹೊರಟವರು ಅಂಗಡಿಗೆ ಕಾಲಿಟ್ಟ ಕೂಡಲೇ ಕೇಳುವುದು ಕ್ಯಾಲಿಬರ್ (ನಳಿಗೆಯ ಒಳವ್ಯಾಸ) ಬಗ್ಗೆ. ಆಮೇಲೆ ಬ್ರ್ಯಾಂಡು, ಆಮೇಲೆ ತೂಕ, ದುಡ್ಡು ಉಳಿದರೆ ಗುರಿ ನೋಡುವ ದೂರದರ್ಶಕ, ಅಂದರೆ ಸ್ಕೋಪು. ಈ ಕ್ರಮ ಪೂರ್ತಿ ತಿರುಗುಮುರುಗು. ದೂರದ ಈಡಿನ ಲೆಕ್ಕ ಶುರುವಾಗಬೇಕಾದ್ದು ಪ್ರಾಣಿಯ ಪಕ್ಕೆಲುಬಿನ ಹತ್ತಿರ. ಅಲ್ಲಿಂದ ಹಿಂದಕ್ಕೆ ಬರುತ್ತ ಗುಂಡು, ಅದನ್ನು ಹೊತ್ತ ತೋಟಾ, ನಳಿಗೆ, ಭುಜಕ್ಕೆ ಕೊಡುವ ಸ್ಟಾಕು ಅಂತ ಒಂದೊಂದನ್ನೇ ತೀರ್ಮಾನಿಸಿದರೆ ಕೊನೆಗೆ ಅಂಗಡಿಯವನ ಮುಂದೆ ಎರಡೋ ಮೂರೋ ರೈಫಲ್ ಮಾತ್ರ ಉಳಿದಿರುತ್ತವೆ.

ಇದು ಅಮೆರಿಕದ ಪಶ್ಚಿಮದ ಬೆಟ್ಟಗಳ ಮಾತು, ಮುಖ್ಯವಾಗಿ ಕೊಲೊರಾಡೊದ್ದು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಂದಿಗೆ ಶಿಕಾರಿ ಮುಗಿಯಿತು. ಕೊಡಗು, ಮಲೆನಾಡಿನ ಮನೆಗಳಲ್ಲಿರುವ ಜೋಡುನಳಿಗೆ ಕೋವಿಗೂ ಈ ರೈಫಲಿಗೂ ಕೆಲಸದಲ್ಲಿ ಹೋಲಿಕೆಯಿಲ್ಲ. ಅದು ನಲವತ್ತು ಐವತ್ತು ಗಜದ ಆಯುಧ, ಇದು ಅದರ ಹತ್ತು ಪಟ್ಟು ದೂರದ್ದು. ಅಮೆರಿಕದಲ್ಲಿರುವ ಕನ್ನಡಿಗರು ದುಡ್ಡು ಕೊಡುವ ಮೊದಲು ತಿಳಿದಿರಬೇಕಾದ್ದು ಒಂದಿದೆ. ಎಚ್-1ಬಿಯಂಥ ವಲಸೆಯೇತರ ವೀಸಾದವರು ಬಂದೂಕು ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ನಿಷೇಧಿಸುತ್ತದೆ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಉಂಟು, ಆದರೆ ಲೈಸೆನ್ಸ್ ಅವಧಿ ಮುಗಿದರೆ ವಿನಾಯಿತಿಯೂ ಮುಗಿದ ಹಾಗೆ. ವಕೀಲರನ್ನು ಕೇಳಿಯೇ ಮುಂದುವರಿಯಿರಿ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ.

ಈಗ ಪ್ರಾಣಿ. ಬೆಳೆದ ಗಂಡು ಎಲ್ಕ್ ಸುಮಾರು 300 ಕಿಲೋ ತೂಗುತ್ತದೆ, ನಮ್ಮ ದೊಡ್ಡ ಕಡವೆಯ ಗಾತ್ರಕ್ಕೂ ತುಸು ಮೇಲೆ. ಹೃದಯ ಮತ್ತು ಶ್ವಾಸಕೋಶ ಸೇರಿದ ಜಾಗ ಹದಿನಾಲ್ಕು ಹದಿನೈದು ಇಂಚು ಇದ್ದರೂ ಲೆಕ್ಕಕ್ಕೆ 10 ಇಂಚಿನ ವೃತ್ತವನ್ನೇ ಇಟ್ಟುಕೊಳ್ಳಿ. ಗಾಳಿ, ಉಸಿರು, ಪ್ರಾಣಿ ನಿಂತ ಕೋನ ಎಲ್ಲವೂ ಉಳಿದದ್ದನ್ನು ತಿಂದುಹಾಕುತ್ತವೆ.

ಗುಂಡು ಒಳಗೆ ಹೋಗಿ ಅರಳಬೇಕು. ಬೇಟೆಯ ಗುಂಡುಗಳಲ್ಲಿ ಹೆಚ್ಚಿನವು ಸೆಕೆಂಡಿಗೆ 1800 ಅಡಿ ವೇಗಕ್ಕಿಂತ ಕೆಳಗೆ ಸರಿಯಾಗಿ ಅರಳುವುದಿಲ್ಲ. ದಬ್ಬಳ ಚುಚ್ಚಿದ ಹಾಗೆ ಸಣ್ಣ ತೂತು ಮಾಡಿ ಆಚೆ ಹೋಗುತ್ತವೆ. ಪ್ರಾಣಿ ಒಂದೆರಡು ಮೈಲಿ ಓಡಿ ಎಲ್ಲೋ ಪೊದೆಯಲ್ಲಿ ನರಳಿ ಸಾಯುತ್ತದೆ, ಬೇಟೆಗಾರನಿಗೆ ಸಿಗುವುದೂ ಇಲ್ಲ. ಹಾಗಾಗಿ ನಿಮ್ಮ ಗುಂಡಿನ ತಯಾರಕರು ಹೇಳುವ ಕನಿಷ್ಠ ವೇಗವನ್ನು ಮೊದಲು ನೋಡಿ, ಆ ವೇಗ ಯಾವ ದೂರದಲ್ಲಿ ಬರುತ್ತದೆ ಅಂತ ಗುಂಡಿನ ಹಾರಾಟ ಲೆಕ್ಕ ಹಾಕುವ ಬ್ಯಾಲಿಸ್ಟಿಕ್ ಆ್ಯಪ್‌ನಲ್ಲಿ ಹುಡುಕಿ. ರೈಫಲಿನ ದೂರ ಅಲ್ಲಿಗೆ ಮುಗಿಯಿತು. ಎಲ್ಕ್‌ಗೆ 1500 ಫುಟ್-ಪೌಂಡ್ ಶಕ್ತಿ ಉಳಿದಿರಬೇಕು ಅನ್ನುವ ಹಳೆಯ ಲೆಕ್ಕವೂ ಬಳಕೆಯಲ್ಲಿದೆ. ಅದು ಒರಟು ಅಂದಾಜು ಅಷ್ಟೆ, ನಾನು ವೇಗವನ್ನೇ ಹೆಚ್ಚು ನಂಬುತ್ತೇನೆ. ಕೊಲೊರಾಡೊ ಕಾನೂನು ಕೇಳುವುದು ಬಹಳ ಕಡಿಮೆ: ಕನಿಷ್ಠ .24 ಕ್ಯಾಲಿಬರ್, ಎಲ್ಕ್ ಮತ್ತು ಮೂಸ್‌ಗೆ ಕನಿಷ್ಠ 85 ಗ್ರೇನ್ ತೂಕದ ಅರಳುವ ಗುಂಡು, 100 ಗಜದಲ್ಲಿ 1000 ಫುಟ್-ಪೌಂಡ್. ಕಾನೂನು ಒಪ್ಪಿತು ಅಂದ ಮಾತ್ರಕ್ಕೆ 500 ಗಜಕ್ಕೆ ಅದು ಸಾಕಾಗುವುದಿಲ್ಲ.

ಇದರ ವಿರುದ್ಧ ದಿಕ್ಕಿನ ತಪ್ಪೂ ಇದೆ. ದೂರಕ್ಕೆ ಚೆನ್ನಾಗಿ ಹಾರುತ್ತದೆ ಅಂತ ತೆಳು ಹೊದಿಕೆಯ ಟಾರ್ಗೆಟ್ ಗುಂಡು ಒಯ್ದರೆ, ಎಲ್ಕ್ 50 ಗಜದಲ್ಲಿ ಎದ್ದು ನಿಂತಾಗ ಅದೇ ಗುಂಡು ಭುಜದ ಮೂಳೆಗೆ ಬಡಿದು ಮೇಲ್ಮೇಲೆಯೇ ಚೂರಾಗಬಹುದು. ಹತ್ತಿರಕ್ಕೂ ದೂರಕ್ಕೂ ಆಗಿಬರುವ ಗುಂಡು ಬೇಕು. ಕ್ಯಾಲಿಫೋರ್ನಿಯಾದಲ್ಲಿ ಬೇಟೆಯಾಡುವವರಿಗೆ ಇನ್ನೊಂದು ಕಟ್ಟು: 2019ರ ಜುಲೈ 1ರಿಂದ ಅಲ್ಲಿ ಬೇಟೆಗೆ ಸೀಸದ ಗುಂಡು ಬಳಸುವಂತಿಲ್ಲ. ತಾಮ್ರದ ಗುಂಡು ಅದೇ ತೂಕದ ಸೀಸದ ಗುಂಡಿಗಿಂತ ಉದ್ದ. ಅದು ಅರಳಲು ಹೆಚ್ಚು ವೇಗ ಬೇಡುವುದರಿಂದ ನಿಮ್ಮ ದೂರ ನೂರು ಗಜವಾದರೂ ಕಡಿಮೆಯಾಗುತ್ತದೆ ಅಂತಲೇ ಇಟ್ಟುಕೊಳ್ಳಿ.

ತೋಟಾ ಆರಿಸುವ ಹೊತ್ತು ಈಗ ಬಂತು. ಮೂರನ್ನು ಎದುರುಬದುರು ಇಟ್ಟು ನೋಡೋಣ. 6.5 ಕ್ರೀಡ್‌ಮೂರ್ 143 ಗ್ರೇನ್ ಗುಂಡನ್ನು 2700 ಅಡಿ ವೇಗದಲ್ಲಿ ಕಳಿಸುತ್ತದೆ. 2022ರಲ್ಲಿ ಬಂದ 7 ಎಂಎಂ ಪಿಆರ್‌ಸಿ 175 ಗ್ರೇನನ್ನು 3000 ಅಡಿಯಲ್ಲಿ. 1963ರಿಂದಲೂ ಎಲ್ಕ್ ಬೆಟ್ಟಗಳಲ್ಲಿ ಓಡಾಡಿರುವ .300 ವಿಂಚೆಸ್ಟರ್ ಮ್ಯಾಗ್ನಮ್ 200 ಗ್ರೇನನ್ನು 2850 ಅಡಿಯಲ್ಲಿ. ಸಮುದ್ರಮಟ್ಟದ ಗಾಳಿಯಲ್ಲಿ ಕ್ರೀಡ್‌ಮೂರ್‌ನ ಶಕ್ತಿ 350 ಗಜದ ಆಸುಪಾಸಿನಲ್ಲೇ 1500 ಫುಟ್-ಪೌಂಡಿಗೆ ಇಳಿಯುತ್ತದೆ. 7 ಎಂಎಂ ಪಿಆರ್‌ಸಿಯಲ್ಲಿ 500 ಗಜಕ್ಕೂ ಸುಮಾರು 2000 ಉಳಿದಿರುತ್ತದೆ. ಅಡ್ಡ ಬೀಸುವ ಗಂಟೆಗೆ 10 ಮೈಲಿ ಗಾಳಿ 500 ಗಜದಲ್ಲಿ ಮೊದಲಿನದನ್ನು ಸುಮಾರು 15 ಇಂಚು, ಎರಡನೆಯದನ್ನು 12–13 ಇಂಚು ಪಕ್ಕಕ್ಕೆ ತಳ್ಳುತ್ತದೆ. ನೋಡಿ, ಗಾಳಿಯ ವಿಷಯದಲ್ಲಿ ಎರಡಕ್ಕೂ ಇರುವ ಅಂತರ ಎರಡು ಮೂರು ಇಂಚು ಮಾತ್ರ. ಗಾಳಿಯನ್ನು ಐದು ಮೈಲಿ ತಪ್ಪಾಗಿ ಅಂದಾಜು ಮಾಡಿದರೆ ಯಾವ ತೋಟಾ ಆದರೂ ಆರೇಳು ಇಂಚು ತಪ್ಪುತ್ತದೆ.

ದೊಡ್ಡ ತೋಟಾದ ಬೆಲೆ ಭುಜಕ್ಕೆ ಬೀಳುತ್ತದೆ. ಸ್ಕೋಪು ಸೇರಿ 9 ಪೌಂಡಿನ ರೈಫಲಿನಲ್ಲಿ ಕ್ರೀಡ್‌ಮೂರ್‌ನ ಒದೆತ ಸುಮಾರು 12 ಫುಟ್-ಪೌಂಡ್, 7 ಎಂಎಂ ಪಿಆರ್‌ಸಿಯದು 24, .300 ಮ್ಯಾಗ್ನಮ್‌ನದು 30. ಇಪ್ಪತ್ತು ದಾಟಿದರೆ ಹೆಚ್ಚಿನವರು ಟ್ರಿಗರ್ ಎಳೆಯುವ ಕ್ಷಣದಲ್ಲಿ ಕಣ್ಣು ಮುಚ್ಚಿ ಭುಜ ಬಿಗಿಹಿಡಿಯುತ್ತಾರೆ. ತಮಗೇ ಗೊತ್ತಾಗುವುದಿಲ್ಲ. ಜೊತೆಯವರ ಕೈಯಿಂದ ನಿಮಗೆ ಗೊತ್ತಾಗದ ಹಾಗೆ ಡಮ್ಮಿ (ಮದ್ದಿಲ್ಲದ) ತೋಟಾ ಬೆರೆಸಿ ತುಂಬಿಸಿ ನೋಡಿ. ಖಾಲಿ ಕ್ಲಿಕ್ ಆದಾಗ ನಳಿಗೆಯ ತುದಿ ಕೆಳಕ್ಕೆ ಕುಕ್ಕಿದರೆ ನಿಮಗೆ ಆ ತೋಟಾ ಹೆಚ್ಚಾಯಿತು. ಸೈಲೆನ್ಸರ್ ಹಾಕಿದರೆ ಒದೆತ ಗಣನೀಯವಾಗಿ ತಗ್ಗುತ್ತದೆ, ಕಿವಿಯೂ ಉಳಿಯುತ್ತದೆ. ನಳಿಗೆಯ ತುದಿಗೆ ಹಾಕಿ ಹೊಗೆಯನ್ನು ಪಕ್ಕಕ್ಕೆ ಬಿಡುವ ಮಝಲ್ ಬ್ರೇಕ್ ಒದೆತವನ್ನು ತಗ್ಗಿಸುತ್ತದೆ ನಿಜ, ಆದರೆ ಪಕ್ಕದಲ್ಲಿರುವವರ ಕಿವಿಗೆ ಅದು ಶಿಕ್ಷೆ. ಕಿವಿರಕ್ಷೆ ಇಲ್ಲದೆ ಒಂದೇ ಒಂದು ಈಡೂ ಬೇಡ.

ನನ್ನ ತೀರ್ಪು: ಹೊಸಬರು 400 ಗಜದೊಳಗೆ ನಿಲ್ಲುವುದಾದರೆ ಕ್ರೀಡ್‌ಮೂರ್‌ಗೂ 7 ಎಂಎಂ ಪಿಆರ್‌ಸಿಗೂ ನಡುವಿನ ಶಕ್ತಿಯ 6.5 ಪಿಆರ್‌ಸಿ ಅಥವಾ .30-06 ತೋಟಾ ಸಾಕು. 500ರವರೆಗೆ ಹೋಗುವ ಅಭ್ಯಾಸ ಮತ್ತು ಭುಜ ಎರಡೂ ಇದ್ದವರಿಗೆ 7 ಎಂಎಂ ಪಿಆರ್‌ಸಿ.

ತೋಟಾ ಗೊತ್ತಾದ ಮೇಲೆ ನಳಿಗೆಯ ಸುರುಳಿ (ಗುಂಡನ್ನು ತಿರುಗಿಸುವ ಒಳಗೀರುಗಳು) ನೋಡಿ, ಬಹಳ ಜನ ಎಡವುವುದು ಇಲ್ಲೇ. ಉದ್ದನೆಯ ಗುಂಡು ನೆಟ್ಟಗೆ ಹಾರಬೇಕಾದರೆ ಅದನ್ನು ಬೇಗಬೇಗ ಸುತ್ತಿಸಬೇಕು. ಹಳೆಯ 7 ಎಂಎಂ ರೆಮಿಂಗ್ಟನ್ ಮ್ಯಾಗ್ನಮ್ ರೈಫಲ್‌ಗಳ ಸುರುಳಿ 9 ಅಥವಾ 9.5 ಇಂಚಿಗೆ ಒಂದು ಸುತ್ತು. ಇಂದಿನ ನೀಳ 175–180 ಗ್ರೇನ್ ಗುಂಡಿಗೆ 8 ಇಂಚಿಗೊಂದು ಸುತ್ತು ಬೇಕು. ಸುರುಳಿ ಸಾಲದಿದ್ದರೆ ಗುಂಡು ತೂರಾಡುತ್ತ ಹೋಗುತ್ತದೆ, ಕಾಗದದ ಮೇಲೆ ದುಂಡಗಿರಬೇಕಾದ ತೂತು ಬೀಗದ ಕಣ್ಣಿನ ಹಾಗೆ ಉದ್ದವಾಗಿರುತ್ತದೆ. ಹಳೆಯ ರೈಫಲನ್ನು ಅಗ್ಗಕ್ಕೆ ಕೊಳ್ಳುವವರು ನಳಿಗೆಯ ಮೇಲಿನ ಬರಹ ನೋಡಿ, ಇಲ್ಲದಿದ್ದರೆ ಕ್ಲೀನಿಂಗ್ ರಾಡಿಗೆ ಬಿಗಿಯಾದ ಬಟ್ಟೆ ಸುತ್ತಿ, ಒಂದು ಗುರುತು ಹಾಕಿ, ಪೂರ್ತಿ ಒಂದು ಸುತ್ತಿಗೆ ರಾಡು ಎಷ್ಟು ಇಂಚು ಒಳಹೋಯಿತು ಅಂತ ಅಳೆಯಿರಿ. ಮ್ಯಾಗ್ನಮ್‌ಗೆ ನಳಿಗೆ 24 ಇಂಚು ಇರಲಿ. ಒಂದು ಇಂಚು ಕಡಿಮೆಯಾದರೆ ಸುಮಾರು 25 ಅಡಿ ವೇಗ ಹೋಗುತ್ತದೆ. ಸೈಲೆನ್ಸರ್ ಹಾಕುವವರು 22ಕ್ಕೆ ಇಳಿದರೂ ನಷ್ಟ ದೊಡ್ಡದಲ್ಲ, ಆದರೆ ಮೇಲೆ ಹೇಳಿದ ಕನಿಷ್ಠ ವೇಗದ ಲೆಕ್ಕವನ್ನು ಮತ್ತೆ ಮಾಡಬೇಕು.

ಆ್ಯಕ್ಷನ್, ಅಂದರೆ ತೋಟಾ ತುಂಬಿ ಹೊರತೆಗೆಯುವ ಭಾಗದ ವಿಷಯದಲ್ಲಿ ಇಂದು ಸಿಗುವ ಹೆಸರಾಂತ ರೈಫಲ್‌ಗಳಲ್ಲಿ ತೀರಾ ಕೆಟ್ಟದ್ದು ಕಡಿಮೆ. ಟಿಕ್ಕಾ ಟಿ3ಎಕ್ಸ್, ಬೆರ್ಗಾರಾ ಬಿ-14, ಬ್ರೌನಿಂಗ್ ಎಕ್ಸ್-ಬೋಲ್ಟ್, ವಿಂಚೆಸ್ಟರ್ ಮಾಡೆಲ್ 70 ಯಾವುದಾದರೂ ಆದೀತು. ವ್ಯತ್ಯಾಸ ಕೈಗೆ ಗೊತ್ತಾಗುತ್ತದೆ. ಮಾಡೆಲ್ 70ರ ಬೋಲ್ಟನ್ನು (ತೋಟಾ ತಳ್ಳುವ, ಹಿಡಿಯುಳ್ಳ ಅಗಳಿಯನ್ನು) 90 ಡಿಗ್ರಿ ಎತ್ತಬೇಕು, ಎಕ್ಸ್-ಬೋಲ್ಟ್‌ನದು 60 ಸಾಕು. 60 ಡಿಗ್ರಿಯದು ಸ್ಕೋಪಿಗೆ ತಾಗದೆ ಬೇಗ ಎದ್ದರೂ ಸ್ಪ್ರಿಂಗ್ ಬಿಗಿಯುವ ಕೆಲಸವನ್ನೆಲ್ಲ ಆ ಸಣ್ಣ ತಿರುವಿನಲ್ಲೇ ಮಾಡಬೇಕಾದ್ದರಿಂದ ಗಟ್ಟಿ ಅನಿಸುತ್ತದೆ. ಅಂಗಡಿಯಲ್ಲಿ ನಿಂತು ಎತ್ತಿ ನೋಡಿದರೆ ಸಾಲದು. ಅನುಮತಿ ಕೇಳಿ, ಖಾಲಿ ಇದೆಯೆಂದು ಎರಡು ಸಲ ನೋಡಿ, ನೆಲದ ಮೇಲೆ ಮಲಗಿ ಭುಜಕ್ಕೆ ಕೊಟ್ಟು, ಕೆನ್ನೆ ಎತ್ತದೆ ಬೋಲ್ಟ್ ಎಳೆದು ತಳ್ಳಿ. ಕೆನ್ನೆ ಏಳುತ್ತಿದ್ದರೆ ಎರಡನೆಯ ಈಡು ತಡವಾಗುತ್ತದೆ. ತೋಟಾದ ತಳವನ್ನು ಮ್ಯಾಗಜೀನಿನಿಂದಲೇ ಹಿಡಿದುಕೊಂಡು ಬರುವ ಮೌಸರ್ ಮಾದರಿಯ ಎಕ್ಸ್‌ಟ್ರ್ಯಾಕ್ಟರ್ ಇದ್ದರೆ ಗಾಬರಿಯಲ್ಲಿ ಅರ್ಧ ತಳ್ಳಿ ಮತ್ತೆ ಎಳೆದಾಗ ಎರಡು ತೋಟಾ ಸಿಕ್ಕಿಕೊಳ್ಳುವುದಿಲ್ಲ. ಮ್ಯಾಗಜೀನಿನ ಒಳ ಉದ್ದವನ್ನೂ ಅಳೆಯಿರಿ. 7 ಎಂಎಂ ಪಿಆರ್‌ಸಿ ತೋಟಾ 3.34 ಇಂಚು ಉದ್ದ, ಹಾಗಾಗಿ ಲಾಂಗ್ ಆ್ಯಕ್ಷನ್ ಬೇಕು.

ಸ್ಟಾಕಿನ ವಿಷಯದಲ್ಲಿ ಕೇಳಬೇಕಾದ್ದು ಒಂದೇ, ಅದು ಅಲುಗುತ್ತದೆಯೇ? ಅಗ್ಗದ ಪ್ಲಾಸ್ಟಿಕ್ ಸ್ಟಾಕು ಬೈಪಾಡಿನ (ಎರಡು ಕಾಲಿನ ಆಸರೆಯ) ಮೇಲೆ ಭಾರ ಹಾಕಿದಾಗ ಬಾಗಿ ನಳಿಗೆಗೆ ತಾಗುತ್ತದೆ, ಗುಂಡು ಬೀಳುವ ಜಾಗ ಸರಿಯುತ್ತದೆ. ಬೈಪಾಡ್ ಹಾಕಿ ಮುಂದಕ್ಕೆ ಒತ್ತಿಹಿಡಿದು, ಮಡಿಸಿದ ನೋಟನ್ನು ನಳಿಗೆಯ ಕೆಳಗೆ ಜಾರಿಸಿ ನೋಡಿ. ಎಲ್ಲೂ ತಡೆಯಬಾರದು. ಆ್ಯಕ್ಷನ್ ಸ್ಕ್ರೂಗಳನ್ನು ತಯಾರಕರು ಹೇಳಿದ ಬಿಗಿಗೆ ಟಾರ್ಕ್ ಸ್ಕ್ರೂಡ್ರೈವರಿನಲ್ಲೇ ಬಿಗಿಯಿರಿ, ಸ್ಕೋಪ್ ರಿಂಗಿನ ಸ್ಕ್ರೂಗಳನ್ನು ಸಾಮಾನ್ಯವಾಗಿ 15–18 ಇಂಚ್-ಪೌಂಡಿಗೆ. ಕೈಲೆಕ್ಕದಲ್ಲಿ ಬಿಗಿದ ರಿಂಗು ಸ್ಕೋಪಿನ ಕೊಳವೆಯನ್ನು ಅಮುಕುತ್ತದೆ ಅಥವಾ ಒದೆತಕ್ಕೆ ಜಾರುತ್ತದೆ. "ರೈಫಲ್ ಕೆಟ್ಟಿದೆ" ಅನ್ನುವ ದೂರುಗಳಲ್ಲಿ ಎಷ್ಟೋ ಈ ಸ್ಕ್ರೂಗಳಿಂದಲೇ ಹುಟ್ಟುತ್ತವೆ.

ಸ್ಕೋಪಿಗೆ ಕನಿಷ್ಠ ರೈಫಲಿನಷ್ಟೇ ದುಡ್ಡು ಇಡಿ. 3–15 ಅಥವಾ 4–16 ಪಟ್ಟು ಸಾಕು, 25 ಪಟ್ಟು ಬೇಡ. ಹೆಚ್ಚು ಪಟ್ಟಿನಲ್ಲಿ ನೋಟ ಕಿರಿದಾಗಿ ಪ್ರಾಣಿಯನ್ನು ಹುಡುಕುವುದೇ ಕಷ್ಟವಾಗುತ್ತದೆ. ಗಾಜಿಗಿಂತ ಮುಖ್ಯ, ಡಯಲ್ ತಿರುಗಿಸಿದಷ್ಟೇ ಸರಿಯಬೇಕು. 100 ಗಜದಲ್ಲಿ ಎತ್ತರದ ಕಾಗದಕ್ಕೆ ಲಂಬವಾಗಿ ಗೆರೆ ಎಳೆದು, ಕೆಳಗಿನ ಚುಕ್ಕಿಗೆ ಗುರಿಯಿಟ್ಟು ಹೊಡೆಯಿರಿ. 10 ಮಿಲ್ (ಸ್ಕೋಪಿನ ಡಯಲಿನ ಕೋನದ ಅಳತೆ) ಡಯಲ್ ಮಾಡಿ ಅದೇ ಚುಕ್ಕಿಗೆ ಮತ್ತೆ ಹೊಡೆಯಿರಿ. ಗುಂಡು ಸರಿಯಾಗಿ 36 ಇಂಚು ಮೇಲೆ, ಗೆರೆಯ ಮೇಲೆಯೇ ಬೀಳಬೇಕು. ಪಕ್ಕಕ್ಕೆ ಸರಿದಿದ್ದರೆ ಸ್ಕೋಪು ವಾರೆಯಾಗಿ ಕೂತಿದೆ. ಡಯಲನ್ನು ಸೊನ್ನೆಗೆ ವಾಪಸು ತಂದು ಇನ್ನೊಮ್ಮೆ ಹೊಡೆದಾಗ ಮೊದಲಿನ ಜಾಗಕ್ಕೇ ಬರಬೇಕು. ಡಯಲ್ ಸೊನ್ನೆಯಲ್ಲೇ ನಿಲ್ಲುವಂತೆ ತಡೆಯುವ ಝೀರೋ ಸ್ಟಾಪ್ ಇರುವುದನ್ನೇ ಆರಿಸಿ. ದೂರ ಅಳೆಯುವ ರೇಂಜ್‌ಫೈಂಡರ್ ಇಲ್ಲದೆ ಇದೆಲ್ಲ ವ್ಯರ್ಥ. 200 ಗಜಕ್ಕೆ ಸೊನ್ನೆ ಮಾಡಿದ (ಆ ದೂರದಲ್ಲಿ ಗುರಿಗೇ ಬೀಳುವಂತೆ ಹೊಂದಿಸಿದ) 7 ಎಂಎಂ ಪಿಆರ್‌ಸಿಯಲ್ಲಿ 550 ಗಜವನ್ನು 500 ಅಂದುಕೊಂಡರೆ ಗುಂಡು ಏಳೆಂಟು ಇಂಚು ತಗ್ಗಿನಲ್ಲಿ ಬೀಳುತ್ತದೆ.

ರೈಫಲ್ ಮನೆಗೆ ಬಂದ ಮೇಲೆ ಮೂರು ಗುಂಡಿನ ಗುಂಪು ನೋಡಿ ಬೀಗಬೇಡಿ. 100 ಗಜದಲ್ಲಿ ಮೂರು ಗುಂಡಿಗೆ ಒಂದು ಇಂಚಿನ ಹರಡು ಕೊಡುವ ರೈಫಲ್ ಹತ್ತು ಗುಂಡಿಗೆ ಒಂದೂವರೆಯ ಮೇಲೆಯೇ ಕೊಡುತ್ತದೆ, ಅದೇ ಅದರ ನಿಜವಾದ ಅಳತೆ. 500 ಗಜದಲ್ಲಿ ಅದು ಎಂಟು ಇಂಚು. ಹತ್ತು ಇಂಚಿನ ವೃತ್ತದಲ್ಲಿ ನಿಮ್ಮ ತಪ್ಪಿಗೆ ಉಳಿದ ಜಾಗ ಎಷ್ಟು ಅಂತ ನೀವೇ ನೋಡಿ. ಬೇಟೆಯಲ್ಲಿ ಲೆಕ್ಕಕ್ಕೆ ಬರುವುದು ತಣ್ಣಗಿನ ನಳಿಗೆಯ ಮೊದಲ ಈಡು. ಬೇರೆ ಬೇರೆ ಹತ್ತು ದಿನ, ದಿನಕ್ಕೆ ಒಂದೇ ಈಡು, ಬೆಂಚು ಬಿಟ್ಟು ಬ್ಯಾಗಿನ ಮೇಲೋ ಕೂತೋ ಹೊಡೆದು ಬರೆದಿಟ್ಟುಕೊಳ್ಳಿ. 10 ಇಂಚಿನ ತಟ್ಟೆಗೆ ಹತ್ತರಲ್ಲಿ ಒಂಬತ್ತು ಬಿದ್ದ ದೂರವೇ ನಿಮ್ಮ ದೂರ, ಅದು 280 ಗಜವಾದರೆ 280. ಅದಕ್ಕಿಂತ ಆಚೆ ನಿಂತ ಎಲ್ಕ್‌ನ ಹತ್ತಿರಕ್ಕೆ ನೀವೇ ನಡೆಯಬೇಕು. 500 ಗಜಕ್ಕೆ ಗುಂಡು ಅರ್ಧ ಸೆಕೆಂಡಿಗೂ ಹೆಚ್ಚು ಹಾರುತ್ತದೆ, ಅಷ್ಟರಲ್ಲಿ ಪ್ರಾಣಿ ಒಂದು ಹೆಜ್ಜೆ ಇಟ್ಟರೆ ಗುಂಡು ಹೊಟ್ಟೆಗೆ.

ಸಮುದ್ರಮಟ್ಟದ ಕ್ಯಾಲಿಫೋರ್ನಿಯಾ ಬೇ ಏರಿಯಾದಲ್ಲಿ ಸೊನ್ನೆ ಮಾಡಿ ಕೊಲೊರಾಡೊದ 10,000 ಅಡಿ ಎತ್ತರಕ್ಕೆ ಒಯ್ದವರು ಅಲ್ಲಿನ ತೆಳು ಗಾಳಿಯನ್ನು ಆ್ಯಪ್‌ಗೆ ತುಂಬಬೇಕು. ಇಲ್ಲದಿದ್ದರೆ 500 ಗಜದಲ್ಲಿ ಎರಡು ಮೂರು ಇಂಚು ಮೇಲೆ ಬೀಳುತ್ತದೆ. ವಿಮಾನ ಇಳಿದ ಮೇಲೆ ಸೊನ್ನೆಯನ್ನು ಮತ್ತೆ ಪರೀಕ್ಷಿಸಿ, ಲಗೇಜಿನಲ್ಲಿ ಬಿದ್ದೆದ್ದ ಸ್ಕೋಪನ್ನು ನಂಬುವಂತಿಲ್ಲ. ಬೋಲ್ಟಿನ ಒಳಗಿನ ಎಣ್ಣೆಯನ್ನು ಪೂರ್ತಿ ಒರೆಸಿ, ಏಕೆಂದರೆ ಸೊನ್ನೆ ಡಿಗ್ರಿಗಿಂತ ಎಷ್ಟೋ ಕೆಳಗಿನ ಬೆಳಗಿನಲ್ಲಿ ಅದು ಜಿಡ್ಡುಗಟ್ಟಿ ಫೈರಿಂಗ್ ಪಿನ್ ನಿಧಾನವಾಗುತ್ತದೆ, ತೋಟಾ ಹಾರುವುದಿಲ್ಲ. ಹೊರಗೆ ತಣ್ಣಗಾದ ರೈಫಲನ್ನು ಬೆಚ್ಚನೆಯ ಡೇರೆಯೊಳಗೆ ತರಬೇಡಿ. ಬೆವರಿದ ಲೋಹ ಮರುದಿನ ಹೊರಗೆ ಹೋದಾಗ ಮಂಜುಗಟ್ಟುತ್ತದೆ. ಖಾಲಿ ಮಾಡಿ, ಚೀಲದೊಳಗೆ ಬೀಗ ಹಾಕಿ, ವಾಹನದಲ್ಲೇ ತಣ್ಣಗೆ ಬಿಡಿ. ನಳಿಗೆಯ ಬಾಯಿಗೆ ಒಂದು ಚೂರು ಎಲೆಕ್ಟ್ರಿಕಲ್ ಟೇಪ್ ಅಂಟಿಸಿದರೆ ಹಿಮ, ಮಣ್ಣು ಒಳಗೆ ಹೋಗುವುದಿಲ್ಲ. ಹೊಡೆಯುವಾಗ ಅದನ್ನು ಕೀಳಬೇಕಿಲ್ಲ, ಗುಂಡಿನ ಮುಂದೆ ಓಡುವ ಗಾಳಿಯೇ ಅದನ್ನು ಹಾರಿಸುತ್ತದೆ.