ಅಮ್ಮನಿಗೆ ಬಿಟ್ಟ ಮೀಸಲು

ಕಳೆದ ನವರಾತ್ರಿಯಲ್ಲಿ ಆಯಿಯ ಹನ್ನೆರಡು ವರ್ಷದ ಹರಕೆಯೊಂದು ತುಂಬಿತೆಂದು, ಘಟ್ಟ ಇಳಿದು, ಕುಮಟೆ ದಾಟಿ, ಹೊನ್ನಾವರದ ಹತ್ತಿರ ನೀಲಕೋಡಿನ ಬೆಟ್ಟದ ಮೇಲಿರುವ ಕರಿಕಾನಮ್ಮನ ಸನ್ನಿಧಿಗೆ ಹೋಗಿದ್ದೆವು. ನಮ್ಮದು ಶಿರಸಿ ಸೀಮೆಯ ಮನೆ. ಊರ ದೇವತೆಯಾಗಿ ಮಾರಿಕಾಂಬೆ ಇದ್ದಾಳೆ. ಆದರೆ ಆಯಿಯ ತವರು ಹೊನ್ನಾವರದ ಕಡೆಯದು. ಮನಸ್ಸಿಗೆ ತೀರ ಕಷ್ಟವೆನಿಸಿದಾಗ ಅವಳ ಬಾಯಿಗೆ ಮೊದಲು ಬರುವುದು ಕರಿಕಾನಮ್ಮನ ಹೆಸರೇ.

ಆ ಹೆಸರನ್ನು ಬಿಡಿಸಿ ನೋಡಿದರೆ ಅಲ್ಲಿ ಕಾಡೇ ಕಾಣುತ್ತದೆ. ಕಾನು ಎಂದರೆ ನಮ್ಮಲ್ಲಿ ಎಲ್ಲ ಕಾಡೂ ಅಲ್ಲ. ವರ್ಷದ ಯಾವ ಕಾಲದಲ್ಲೂ ಎಲೆ ಉದುರಿಸಿ ಬೋಳಾಗದ, ನಡುಹಗಲಲ್ಲೂ ತಂಪಾಗಿ ಕತ್ತಲೆಗಟ್ಟಿರುವ, ಕಾಳುಮೆಣಸಿನ ಬಳ್ಳಿ ತಾನಾಗಿ ಹಬ್ಬುವ ದಟ್ಟಡವಿ ಮಾತ್ರ ಕಾನು. ಅದರಲ್ಲೂ ಕಪ್ಪಾದ ಕಾನಿನ ಅಮ್ಮ ಈಕೆ. ಕಾಡಿಗೆ ದೇವಿಯ ಹೆಸರು ಬಂದದ್ದಲ್ಲ, ದೇವಿಗೇ ಕಾಡಿನ ಹೆಸರು ಬಂದಿದೆ.

ಹರಕೆಯ ಕಥೆಯನ್ನು ಹೇಳಬೇಕು, ಏಕೆಂದರೆ ಅದರಲ್ಲಿ ನಮ್ಮದೇ ತಪ್ಪಿದೆ. ಶಿರಸಿ ಸೀಮೆಯ ಅಡಿಕೆ ತೋಟಗಳಿಗೆ ಸೊಪ್ಪಿನ ಬೆಟ್ಟದ ಸೌಲಭ್ಯವಿದೆ. ಬ್ರಿಟಿಷರ ಕಾಲದಿಂದ ನಡೆದುಬಂದ ಈ ಪದ್ಧತಿಯಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೂ ಬೆಟ್ಟ ಸಿಗುತ್ತದೆ. ಅಲ್ಲಿಂದ ಸೊಪ್ಪು, ದರಕು ಎಂಬ ಉದುರಿದ ಒಣ ಎಲೆ, ಕರಡದ ಹುಲ್ಲು ತಂದು ಕೊಟ್ಟಿಗೆಗೆ ಹಾಸಿ, ಗೊಬ್ಬರ ಮಾಡಿ ತೋಟಕ್ಕೆ ಕೊಡುತ್ತೇವೆ. ತೆಗೆದುಕೊಳ್ಳುವುದಕ್ಕೊಂದು ಮಿತಿ ಇದ್ದಷ್ಟು ಕಾಲ ಬೆಟ್ಟವೂ ಚಿಗುರಿಕೊಂಡಿತು. ನಮ್ಮ ಮನೆಯಲ್ಲಿ ಆ ಮಿತಿ ತಪ್ಪಿತು. ಎಳೆಯ ಮರಗಳನ್ನೂ ಬಿಡದೆ ಸವರಿದೆವು, ಒಂದು ದರಕೂ ಉಳಿಯದಂತೆ ನೆಲವನ್ನು ಗುಡಿಸಿದೆವು. ಅಜ್ಜನ ಕಾಲದಲ್ಲಿ ಅಡಿಕೆ ಮರ ಸೀಳಿ ಮಾಡಿದ ದಬ್ಬೆಯ ಮೂಲಕ ಹಿತ್ತಲಿಗೆ ಹರಿದುಬರುತ್ತಿದ್ದ ಅಬ್ಬಿಯ, ಅಂದರೆ ಬೆಟ್ಟದ ಒರತೆಯ, ನೀರು ಒಂದು ಫಾಲ್ಗುಣದಲ್ಲಿ ನಿಂತೇಹೋಯಿತು. ದಬ್ಬೆ ಒಣಗಿ ಬಿರುಕು ಬಿಟ್ಟದ್ದನ್ನು ನೋಡುತ್ತ ಆಯಿ ಬಹಳ ಹೊತ್ತು ನಿಂತಿದ್ದಳು. ಆ ಸಂಜೆ ದೇವರ ಮುಂದೆ ಒಂದು ರೂಪಾಯಿಯನ್ನು ಅರಿಸಿನದ ಬಟ್ಟೆಯಲ್ಲಿ ಕಟ್ಟಿ, ಅಬ್ಬಿಯ ನೆತ್ತಿಯ ಮೇಲಿನ ಬೆಟ್ಟವನ್ನು ಹನ್ನೆರಡು ವರ್ಷ ಕರಿಕಾನಮ್ಮನಿಗೆ ಮೀಸಲು ಬಿಟ್ಟೆನೆಂದು ಹೇಳಿಕೊಂಡಳು. ಬಂಗಾರದ ಕಣ್ಣನ್ನಾಗಲಿ ಪಟ್ಟೆ ಸೀರೆಯನ್ನಾಗಲಿ ಅವಳು ಹೇಳಿಕೊಳ್ಳಲಿಲ್ಲ.

ಮೀಸಲು ಎಂಬ ಮಾತಿನ ಬಗ್ಗೆ ನಾನು ಅಲ್ಲಿಂದೀಚೆಗೆ ಬಹಳ ಯೋಚಿಸಿದ್ದೇನೆ. ಮೊದಲ ಹಣ್ಣು, ಮೊದಲ ತೆನೆ, ಹಸು ಕರು ಹಾಕಿದ ಮೇಲಿನ ಮೊದಲ ತುಪ್ಪ, ಇವು ದೇವರ ಮೀಸಲು, ಮನೆಯವರು ಮುಟ್ಟುವಂತಿಲ್ಲ. ನಮ್ಮ ಹಿರಿಯರು ಅದೇ ಭಾವದಿಂದ ಕಾಡನ್ನೂ ಬಿಟ್ಟಿದ್ದರು. ಊರೂರಿನ ಚೌಡಿ ಬನ, ಜಟಕನ ಬನ, ನಾಗಬನಗಳು ಹೀಗೆ ಉಳಿದವು. 1801ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಈ ಕರಾವಳಿಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇದನ್ನು ಕಂಡು ಬರೆದಿಟ್ಟಿದ್ದಾನೆ. ಕಾಡು ಆಯಾ ಊರ ದೇವರ ಸೊತ್ತು, ದೇವರ ಪೂಜೆ ಮಾಡುವವನ ಅಪ್ಪಣೆ ಕೇಳದೆ ಮರ ಕಡಿಯುವಂತಿಲ್ಲ, ಅಪ್ಪಣೆ ಕೊಟ್ಟದ್ದಕ್ಕೆ ದೇವರು ಏನನ್ನೂ ತೆಗೆದುಕೊಳ್ಳುವುದಿಲ್ಲ, ಆದರೆ ಕೇಳದೆ ಕಡಿದವನನ್ನು ಬಿಡುವುದಿಲ್ಲ ಎಂಬುದು ಜನ ಅವನಿಗೆ ಹೇಳಿದ ಮಾತು. ಸರ್ಕಾರ ಕಾಡಿನ ಮೇಲೆ ಹಕ್ಕು ಸಾಧಿಸದಂತೆ ತಡೆಯಲು ಜನ ಹೂಡಿದ ಉಪಾಯವಿದು ಎಂದು ಅವನು ಸಂಶಯಪಟ್ಟ. ನನಗೆ ಆ ಮಾತನ್ನು ಓದಿದಾಗಲೆಲ್ಲ ನೋವಾಗುತ್ತದೆ. ಕೇಳಬೇಕು ಎಂಬುದಷ್ಟೇ ದೇವರ ಷರತ್ತಾಗಿದ್ದ ಒಂದು ನಡವಳಿಕೆ ಅವನಿಗೆ ಅರ್ಥವಾಗಲಿಲ್ಲ.

ಮುಂದೆ 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿತು, 1878ರ ಅರಣ್ಯ ಕಾಯಿದೆ ಬಂತು, ಕಾನುಗಳು ಸರ್ಕಾರದ ಲೆಕ್ಕಕ್ಕೆ ಹೋದವು. ಅವಕ್ಕೂ ಮೀಸಲು ಅರಣ್ಯ ಎಂದೇ ಹೆಸರು. ಶಬ್ದ ಉಳಿದು ದೇವರು ಮಾತ್ರ ಬದಲಾದಂತಾಯಿತು; ಮೀಸಲು ಇಟ್ಟದ್ದು ಹಡಗಿಗೆ, ರೈಲಿಗೆ, ಆಮೇಲೆ ಪ್ಲೈವುಡ್ಡಿಗೆ ಮತ್ತು ಕಾಗದಕ್ಕೆ ಸಂದಿತು. 1983ರ ಸೆಪ್ಟೆಂಬರ್ 8ರಂದು ನಮ್ಮ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಸುತ್ತಲಿನ ಗಂಡಸರೂ ಹೆಂಗಸರೂ ಕಾಡಿಗೆ ನಡೆದು ಮರಗಳನ್ನು ಅಪ್ಪಿ ನಿಂತರಲ್ಲ, ಅಪ್ಪಿಕೋ ಎಂದು ನಾಡೆಲ್ಲ ಕರೆದ ಆ ಚಳವಳಿಯಲ್ಲಿ ನನಗೆ ಕಾಣುವುದು ಹಳೆಯ ಮೀಸಲನ್ನು ಮರಳಿ ಕೇಳಿದ ದನಿ. ಉಳಿಸು, ಬೆಳೆಸು, ಬಳಸು ಎಂಬ ಅವರ ಘೋಷಣೆಯಲ್ಲಿ ಬಳಸು ಎಂಬುದು ಕೊನೆಗೆ ಬರುತ್ತದೆ, ದೇವರಿಗಿಟ್ಟ ಮೇಲೆ ಮನೆಯವರಿಗೆ ಎಲೆ ಹಾಕುವಂತೆ.

ಎಲ್ಲ ಕಾಲದಲ್ಲೂ ಇಲ್ಲಿ ಕಾಡು ಹೀಗೇ ಇತ್ತೆಂದು ನಾನು ಹೇಳುತ್ತಿಲ್ಲ. ಕಾರವಾರದ ಎದುರಿನ ಕಡಲತಳದ ಕೆಸರಿನಲ್ಲಿ ಹುದುಗಿದ ಪರಾಗಕಣಗಳನ್ನು ವಿಜ್ಞಾನಿಗಳು ಪರೀಕ್ಷಿಸಿದ್ದಾರೆ. ಸುಮಾರು 3500 ವರ್ಷಗಳ ಹಿಂದೆ ಈ ಸೀಮೆಯ ಹವೆ ಒಣಗುತ್ತ ಬಂದು, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳೂ ಒಳನಾಡಿನ ಹಸಿರು ಕಾಡೂ ಕಡಿಮೆಯಾದದ್ದನ್ನು ಆ ಕಣಗಳು ಹೇಳುತ್ತವೆ. ನಂತರದ ಕಾಲದಲ್ಲಿ ಕುಮರಿ ಬೇಸಾಯಕ್ಕೆ ಕಾಡು ಸುಟ್ಟವರೂ ನಮ್ಮ ಹಿರಿಯರೇ. ಹಾಗೆ ಸುಡುವ ಕೈ ಕಾನಿನ ಅಂಚಿಗೆ ಬಂದು ತಡೆದದ್ದು ಭಯದಿಂದಲೋ ಭಕ್ತಿಯಿಂದಲೋ. ಎರಡನ್ನೂ ಬೇರೆ ಮಾಡಿ ನೋಡುವ ಅಗತ್ಯ ಅವರಿಗೆ ಬಿದ್ದಿರಲಾರದು. ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬೆಯ ಜಾತ್ರೆಗೂ ರಥದ ಮರವನ್ನು ಪೂಜೆ ಮಾಡಿಯೇ ಕಡಿಯುತ್ತಾರೆ. ದೇವಿಗಾಗಿ ಕಡಿಯುವಾಗಲೂ ಮರಕ್ಕೆ ಮೊದಲು ಕೈಮುಗಿಯಬೇಕು.

ಕರಿಕಾನಿನ ದಾರಿಯಲ್ಲಿ ಇಂಥದೇ ಒಂದು ಪಾಠ ನನಗೂ ಆಯಿತು. ಅಲ್ಲಿ ಡಿಪ್ಟೆರೋಕಾರ್ಪಸ್ ಇಂಡಿಕಸ್ ಎಂಬ ಅಪರೂಪದ ಮರಗಳಿವೆ. ಕಂಬದಂತೆ ನೇರವಾಗಿ ಏರಿ, ಎಷ್ಟೋ ಎತ್ತರದಲ್ಲಿ ಮಾತ್ರ ಕೊಂಬೆ ಬಿಡುತ್ತವೆ. ಬುಡದಲ್ಲಿ ಅದರ ಒಣಗಿದ ಕಾಯಿಯೊಂದು ಸಿಕ್ಕಿತು. ಗೋಲಿಗಿಂತ ತುಸು ದೊಡ್ಡ ಕಾಯಿ, ಅದರ ನೆತ್ತಿಯಿಂದ ಬೆರಳಿಗಿಂತ ಉದ್ದದ ಎರಡು ರೆಕ್ಕೆ, ಪ್ರತಿ ರೆಕ್ಕೆಯಲ್ಲೂ ಎಲೆಯಲ್ಲಿರುವಂಥ ನರಗಳ ಬಲೆ. ಮೇಲಿನಿಂದ ಕೈಬಿಟ್ಟರೆ ಗಿರಗಿರನೆ ತಿರುಗುತ್ತ ಸಾವಕಾಶವಾಗಿ ಇಳಿಯಿತು. ಮಗಳಿಗೆ ತೋರಿಸೋಣವೆಂದು ಚೀಲಕ್ಕೆ ಹಾಕುತ್ತಿದ್ದಾಗ ಆಯಿ ತಿರುಗಿ ನೋಡಿ, "ಕೇಳಿದ್ಯಾ?" ಎಂದಳು. ನಾನು ಅದನ್ನು ಬಿದ್ದಿದ್ದಲ್ಲೇ ಇಟ್ಟೆ.

ಮೇಲೆ ಗುಡಿಯ ಎದುರು ನಿಂತರೆ ಪಡುವಣದಲ್ಲಿ ಕಡಲು ಕಾಣುತ್ತದೆ. ಕುಂಕುಮಾರ್ಚನೆ ಮುಗಿಯಿತು, ಆಯಿ ಉಡಿ ತುಂಬಿಸಿ, ಹನ್ನೆರಡು ವರ್ಷದ ಹಿಂದೆ ಕಟ್ಟಿದ್ದ ಗಂಟನ್ನು ಬಿಚ್ಚಿದಳು. ಬಟ್ಟೆಯ ಅರಿಸಿನ ಬಣ್ಣ ಪೂರ್ತಿ ಮಾಸಿತ್ತು. ರೂಪಾಯಿಯನ್ನು ಕಾಣಿಕೆ ಡಬ್ಬಿಗೆ ಹಾಕಿ ಕಣ್ಣು ಮುಚ್ಚಿ ನಿಂತಾಗ ಅವಳು ಏನು ಹೇಳಿಕೊಂಡಳೋ, ನಾನಂತೂ ನಮ್ಮ ಬೆಟ್ಟವನ್ನೇ ನೆನೆದೆ. ನೆಲದಲ್ಲಿ ದರಕು ಮೊಣಕಾಲು ಹೂಳುವಷ್ಟು ಬಿದ್ದಿದೆ. ಹಕ್ಕಿಗಳು ತಂದುಹಾಕಿದ ನೇರಳೆ, ಮುರುಗಲು ಗಿಡಗಳು ನನ್ನ ತಲೆಗಿಂತ ಮೇಲೆ ಹೋಗಿವೆ. ಅಬ್ಬಿ ಈ ಸಲ ಚೈತ್ರದಲ್ಲೂ ಎರಡು ಬೆರಳಿನ ದಪ್ಪಕ್ಕೆ ಹರಿಯಿತು. ಅಜ್ಜನ ಕಾಲದ ನೀರು ಅದಲ್ಲ, ಆದರೆ ನೀರು.

ಪ್ರಸಾದ ತೆಗೆದುಕೊಂಡು ಮೆಟ್ಟಿಲಿಳಿಯುವಾಗ ತಮ್ಮ ಮೆಲ್ಲನೆ ಕೇಳಿದ, ಹರಕೆ ತೀರಿತಲ್ಲ, ಮುಂದಿನ ವರ್ಷದಿಂದ ಮೇಲಿನ ಬೆಟ್ಟದ ಸೊಪ್ಪನ್ನು ಕೊಯ್ಯಬಹುದೇ ಎಂದು. ತೋಟಕ್ಕೆ ಗೊಬ್ಬರ ಸಾಲದೆ ಅವನು ಪಡುವ ಪಾಡು ಆಯಿಗೂ ಗೊತ್ತು. ಅವಳು ಕೂಡಲೇ ಉತ್ತರ ಕೊಡಲಿಲ್ಲ. ಕೆಳಗಿನ ಮೆಟ್ಟಿಲಿನ ಮೇಲೆ ಕೂತು, ಸೆರಗಿನ ತುದಿಯಿಂದ ಒಂದು ರೂಪಾಯಿ ತೆಗೆದು, ಆ ಮಾಸಿದ ಬಟ್ಟೆಯಲ್ಲೇ ಇಟ್ಟು, ಗಂಟು ಹಾಕಲೆಂದು ನನ್ನ ಕೈಗೆ ಕೊಟ್ಟಳು. ಅವಳ ಬೆರಳುಗಳಿಗೆ ಈಗ ಗಂಟು ಬಿಗಿಯಲು ಬರುವುದಿಲ್ಲ.