ಅಜ್ಜಿಮನೆಯಲ್ಲಿ ಓಡದ ಗೇಮ್

ಹೋದ ದೀಪಾವಳಿಗೆ ತೀರ್ಥಹಳ್ಳಿ ಹತ್ತಿರದ ಅಜ್ಜಿಮನೆಗೆ ಲ್ಯಾಪ್‌ಟಾಪ್ ಹೊತ್ತುಕೊಂಡು ಹೋಗಿದ್ದೆ. ಹಬ್ಬದ ಆಫರ್‌ನಲ್ಲಿ 1,799 ರೂಪಾಯಿ ಕೊಟ್ಟು ಗೇಮ್ ಒಂದನ್ನು ಕೊಂಡು, ಬೆಂಗಳೂರಿನಲ್ಲೇ ರಾತ್ರಿಯಿಡೀ ಡೌನ್‌ಲೋಡ್ ಮಾಡಿಟ್ಟುಕೊಂಡಿದ್ದೆ. ಅಜ್ಜಿಮನೆಯಲ್ಲಿ ನೆಟ್‌ವರ್ಕ್ ಬೇಕೆಂದರೆ ಅಡಿಕೆ ತೋಟ ದಾಟಿ ದಿಬ್ಬ ಹತ್ತಬೇಕು. ಊಟ ಮುಗಿಸಿ ಜಗಲಿಯಲ್ಲಿ ಕೂತು ಗೇಮ್ ತೆರೆದರೆ ‘ಸರ್ವರ್ ಸಿಗುತ್ತಿಲ್ಲ’ ಅಂತ ಬಂತು. ಒಬ್ಬನೇ ಆಡುವ ಗೇಮ್ ಸ್ವಾಮಿ! ಅದಕ್ಕೆ ಸರ್ವರ್ ಯಾಕೆ?

ಪಕ್ಕದಲ್ಲೇ ಚಿಕ್ಕಮ್ಮನ ಮಗ ಅದೇ ಗೇಮ್ ಆಡುತ್ತಿದ್ದ. ಹಾಸ್ಟೆಲ್ ಗೆಳೆಯನ ಹಾರ್ಡ್‌ಡಿಸ್ಕ್‌ನಿಂದ ಹಾಕಿಕೊಂಡ ಕ್ರ್ಯಾಕ್ ಕಾಪಿ, ಅಂದರೆ ಬೀಗ ಒಡೆದ ಕಳ್ಳ ಕಾಪಿ. “ದುಡ್ಡು ಬೇರೆ ಕೊಟ್ಟಿದೀಯಲ್ಲ ಅಣ್ಣ” ಅಂದ. ಗೇಲಿ ಮಾಡಿದ್ದಲ್ಲ, ಪಾಪ, ನಿಜವಾಗಲೂ ಮರುಗಿದ.

ನಾನೇನು ಸಾಚಾ ಅಲ್ಲ. ಪಿಯುಸಿ ಓದುವಾಗ ಜಿಟಿಎ ವೈಸ್ ಸಿಟಿ ಆಡಿದ್ದು ಅರವತ್ತು ರೂಪಾಯಿಯ ಸಿಡಿಯಲ್ಲಿ, ಮೇಲೆ ಜೆರಾಕ್ಸ್ ಮಾಡಿದ ಚಿತ್ರ. ಒರಿಜಿನಲ್ ಅಂತ ಒಂದು ಇರುತ್ತದೆ ಅನ್ನುವುದೇ ತಲೆಗೆ ಹೊಳೆದಿರಲಿಲ್ಲ. 2015ರ ಕೊನೆಗೆ, ನೆಟ್‌ನಲ್ಲಿ ಗೇಮ್ ಮಾರುವ ಅಂಗಡಿ ಸ್ಟೀಮ್ ರೂಪಾಯಿಯಲ್ಲಿ ಬೆಲೆ ಹಾಕತೊಡಗಿದ ಮೇಲೆ ನಾನೂ ದುಡ್ಡು ಕೊಡುವವರ ಸಾಲಿಗೆ ಸೇರಿದೆ.

ಅದಕ್ಕೂ ಮುಂಚೆ ನನ್ನನ್ನು ಸ್ವಲ್ಪ ಚುಚ್ಚಿದ್ದು ‘ಗೇಮ್ ಡೆವ್ ಟೈಕೂನ್’ ಕಥೆ. ಆಸ್ಟ್ರೇಲಿಯಾದ ಇಬ್ಬರು ಅಣ್ಣತಮ್ಮಂದಿರು ಮಾಡಿದ ಗೇಮ್ ಅದು. ಗೇಮ್ ಕಂಪನಿ ಕಟ್ಟಿ ಬೆಳೆಸುವುದೇ ಅದರಲ್ಲಿನ ಆಟ. ಹೇಗಿದ್ದರೂ ಕದಿಯುತ್ತಾರೆ ಅಂತ 2013ರಲ್ಲಿ ಅವರೇ ಒಂದು ಕಳ್ಳ ಕಾಪಿಯನ್ನು ಹರಿಯಬಿಟ್ಟರು. ಆ ಕಾಪಿಯಲ್ಲಿ ನೀವು ಎಷ್ಟು ಒಳ್ಳೆ ಗೇಮ್ ಮಾಡಿದರೂ ಜನ ಕದ್ದು ಆಡಿ ನಿಮ್ಮ ಕಂಪನಿ ದಿವಾಳಿಯಾಗುತ್ತದೆ. ಮೊದಲ ದಿನ ಕೊಂಡವರು 214 ಜನ, ಕಳ್ಳ ಕಾಪಿ ಆಡಿದವರು 3,104. ಅವರಲ್ಲೇ ಕೆಲವರು ‘ಎಲ್ಲರೂ ನನ್ನ ಗೇಮ್ ಕದಿಯುತ್ತಿದ್ದಾರೆ, ಏನು ಮಾಡಲಿ’ ಅಂತ ಗೋಳಾಡಿದರು! ನಾನೂ ಬಿದ್ದು ಬಿದ್ದು ನಕ್ಕೆ. ಆಮೇಲೆ ನೆನಪಾಯಿತು, ಆಗ ನನ್ನ ಕಂಪ್ಯೂಟರಿನಲ್ಲಿದ್ದ ಒಂದು ಗೇಮಿಗೂ ನಾನು ದುಡ್ಡು ಕೊಟ್ಟಿರಲಿಲ್ಲ.

ಹಾಗಾಗಿ ಕದ್ದು ಆಡುವುದು ತಪ್ಪಲ್ಲ ಅಂತ ನಾನು ವಾದ ಮಾಡಲಾರೆ. ಆದರೆ ಕದಿಯದಂತೆ ಕಂಪನಿಗಳು ಗೇಮಿಗೆ ಹಾಕುವ ಬೀಗ ಇದೆಯಲ್ಲ, ಕೊಂಡ ಕಾಪಿಯೇ ಹೌದಾ ಅಂತ ನೆಟ್‌ನಲ್ಲಿ ಕಂಪನಿಯ ಸರ್ವರನ್ನು ಕೇಳುವಂಥದ್ದು, ಕೊನೆಗೆ ಅದು ಬೀಳುವುದು ಯಾರ ಬಾಗಿಲಿಗೆ? ಕಳ್ಳ ಅದನ್ನು ಒಡೆದೇ ಒಳಗೆ ಬಂದಿರುತ್ತಾನೆ. ಹೊರಗೆ ನಿಲ್ಲುವವನು ಬಿಲ್ ಕಟ್ಟಿದವನು. 2013ರ ಮಾರ್ಚ್‌ನಲ್ಲಿ ‘ಸಿಮ್‌ಸಿಟಿ’ ಬಂದಾಗ ಸರ್ವರ್‌ಗಳು ಮಲಗಿ, ಕೊಂಡವರು ದಿನಗಟ್ಟಲೆ ಕಾದರು. ನೆಟ್ ಇಲ್ಲದೆ ಆಡುವ ಅವಕಾಶ ಬಂದದ್ದು ಮರುವರ್ಷ. ‘ದಿ ಕ್ರೂ’ ಅನ್ನುವ ಗೇಮಿನ ಸರ್ವರ್‌ಗಳನ್ನು 2024ರ ಮಾರ್ಚ್ 31ಕ್ಕೆ ನಿಲ್ಲಿಸಿದರು. 2014ರಲ್ಲೇ ದುಡ್ಡು ಕೊಟ್ಟು ತಂದವರಿಗೆ ಒಬ್ಬರೇ ಆಡಲಿಕ್ಕೂ ಅದು ತೆರೆಯದಾಯಿತು.

ಬಿಡುಗಡೆಯಾದ ಮೊದಲ ಕೆಲವು ವಾರವೇ ವ್ಯಾಪಾರ ಜಾಸ್ತಿ, ಅಷ್ಟು ದಿನವಾದರೂ ಬೀಗ ಇರಲಿ ಅನ್ನುತ್ತಾರೆ ಕಂಪನಿಯವರು. ಸರಿ, ಒಪ್ಪಿದೆ. ಆಮೇಲೆ ಬಿಚ್ಚಿ ಅಲ್ವಾ? ಕೆಲವರು ಬಿಚ್ಚುತ್ತಾರೆ ಕೂಡ. ‘ದಿ ವಿಚರ್ 3’ ಅಂತೂ 2015ರಲ್ಲಿ ಗಾಗ್ ಅನ್ನುವ ಆನ್‌ಲೈನ್ ಅಂಗಡಿಯಲ್ಲಿ ಮೊದಲ ದಿನದಿಂದಲೇ ಬೀಗವಿಲ್ಲದೆ ಸಿಕ್ಕಿತು. ಎಲ್ಲ ಕಡೆ ಸೇರಿ 5 ಕೋಟಿಗೂ ಜಾಸ್ತಿ ಪ್ರತಿ ಮಾರಾಟವಾಗಿದೆ.

ಅಜ್ಜಿಮನೆಯಲ್ಲಿ ಮೂರನೇ ದಿನ ನನಗೂ ತಡೆಯಲಾಗಲಿಲ್ಲ. “ನಿನ್ನ ಕಾಪೀನೇ ಹಾಕ್ಕೊಡೋ” ಅಂತ ಚಿಕ್ಕಮ್ಮನ ಮಗನಿಗೆ ಅಂದೆ. ಆಂಟಿವೈರಸ್ ಕಿರುಚಿತು, ಬಾಯಿ ಮುಚ್ಚಿಸಿದೆ. ರಸೀದಿ ಮೇಲ್‌ನಲ್ಲಿ, ಕಳ್ಳ ಕಾಪಿ ಡಿಸ್ಕ್‌ನಲ್ಲಿ! ಬೆಂಗಳೂರಿಗೆ ಬಂದ ಮೇಲೆ ಅಳಿಸಿದೆ.

ಸಂಕ್ರಾಂತಿಗೆ ಅವನಿಗೆ ಬೀಗವಿಲ್ಲದ ಗೇಮ್ ಒಂದನ್ನು ಕೊಡಿಸಿದೆ. “ಇದನ್ನ ಫ್ರೆಂಡ್ಸಿಗೆಲ್ಲ ಕಾಪಿ ಮಾಡಿ ಕೊಡಬಹುದಾ ಅಣ್ಣ?” ಅಂತ ಕೇಳಿದ. “ಕೊಡೋಕೆ ಆಗುತ್ತೆ ಕಣೋ, ಕೊಡಬೇಡ” ಅಂದೆ. ಹ್ಞೂಂ ಅಂದ. ಕೊಟ್ಟಿರುತ್ತಾನೆ.